ತಕ್ಕಡಿ ಯಾರ ಕೈಯಲ್ಲಿದೆ?

(ತಾಲ್ಲೂಕಿನ ರೈತರ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹರೂಪ)



ಬೆಲೆ ಬಗ್ಗೆ, ಸಾಲದ ಬಗ್ಗೆ ಮಾತಾಡಬೇಕಾದವನು ಮೊಬೈಲ್ ಫೋನಿನ ಬಗ್ಗೆ ಯಾಕೆ ಮಾತಾಡ್ತಾನೆ ಅಂತ ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಕಾರಣ ಇದೆ. ಹಿಂದೆ ನಮ್ಮ ದುಡ್ಡು ಸೋರಿಹೋಗುವ ತೂತುಗಳು ಕಣ್ಣಿಗೆ ಕಾಣುತ್ತಿದ್ದವು. ಮಂಡಿಯಲ್ಲಿ ತೂಕದ ಮೋಸ, ಮಾದರಿ ಅಂತ ತೆಗೆದ ಬೊಗಸೆ ಕಾಳು, ದಲ್ಲಾಳಿ ಕಮಿಷನ್ನು, ಸಾಹುಕಾರನ ಬಡ್ಡಿ. ಇವುಗಳ ವಿರುದ್ಧ ರೈತ ಎದ್ದು ನಿಂತು ಕೇಳಿದ, ಯಾಕೆಂದರೆ ಕೇಳೋದಕ್ಕೆ ಎದುರಿಗೆ ಒಬ್ಬ ಮನುಷ್ಯ ಇದ್ದ. ಈಗಿನ ತೂತು ಅಂಗಿ ಜೇಬಿನಲ್ಲಿದೆ. ರಾತ್ರಿ ದಿಂಬಿನ ಪಕ್ಕದಲ್ಲಿ ಮಲಗುತ್ತೆ. ಎದುರಿಗೆ ಯಾರೂ ಇಲ್ಲ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಾನು ಯಂತ್ರದ ವಿರೋಧಿ ಅಲ್ಲ. ಪಂಪ್‌ಸೆಟ್ಟು ಬೇಡ, ಕಪಿಲೆಯೇ ಇರಲಿ ಅಂತ ಹೇಳುವ ಜಾತಿಯವನಲ್ಲ. ನಮ್ಮ ರಾಜ್ಯದ ಮಾರುಕಟ್ಟೆ ಸಮಿತಿಗಳಲ್ಲಿ ಚೀಟಿ ಟೆಂಡರಿನ ಬದಲು ಕಂಪ್ಯೂಟರ್ ಟೆಂಡರ್ ಬಂತು. 2014ರಲ್ಲಿ ಅದಕ್ಕೆಂದೇ ಒಂದು ಏಕೀಕೃತ ಮಾರುಕಟ್ಟೆ ವ್ಯವಸ್ಥೆ ಕಟ್ಟಿದರು. ಕೇಂದ್ರದವರು ಇ-ನಾಮ್ ಅಂತ ದೇಶಕ್ಕೆಲ್ಲ ಶುರು ಮಾಡಿದ್ದು ಆಮೇಲೆ, 2016ರ ಏಪ್ರಿಲ್‌ನಲ್ಲಿ. ಎಲ್ಲ ಕಡೆ ಸರಿಯಾಗಿ ನಡೀತಾ ಇದೆ ಅಂತ ನಾನು ಹೇಳೋಲ್ಲ. ಆದರೆ ಯಾರು ಎಷ್ಟು ಕೂಗಿದರು ಅನ್ನೋದು ದಾಖಲೆಯಲ್ಲಿ ಉಳಿಯುತ್ತೆ, ಬೆಲೆ ಒಪ್ಪಿಗೆಯಾಗದಿದ್ದರೆ ರೈತ ಕೊಡೋಲ್ಲ ಅನ್ನಬಹುದು. ಅಷ್ಟರ ಮಟ್ಟಿಗೆ ಒಳ್ಳೆಯದೇ.

ಹಾಗಾದರೆ ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಅಂತ ನಮ್ಮಂಥ ಹೈಸ್ಕೂಲು ಓದಿದವರು ಹೇಗೆ ತಿಳಕೊಳ್ಳಬೇಕು? ಮಂಡಿಯಲ್ಲಿ ಕಲಿತ ಪಾಠವೇ ಸಾಕು. ತಕ್ಕಡಿ ಯಾರ ಕೈಯಲ್ಲಿದೆ, ಕಲ್ಲು ಯಾರದು, ಲೆಕ್ಕದ ಪುಸ್ತಕ ನಮಗೆ ತೋರಿಸ್ತಾರೋ ಇಲ್ಲವೋ. ಈ ಪ್ರಶ್ನೆಗಳನ್ನು ಫೋನಿನ ಮುಂದೆ ಇಟ್ಟು ನೋಡೋಣ.

ಜೂಜು ನಮಗೆ ಹೊಸದಲ್ಲ ಸ್ವಾಮಿ. ಇಸ್ಪೀಟು, ಅಂದರ್ ಬಾಹರ್, ಕೋಳಿ ಪಂದ್ಯ, ಓಸಿ ಚೀಟಿ ಎಲ್ಲ ಕಂಡಿದ್ದೇವೆ. ಲಾಟರಿ ಟಿಕೆಟ್ಟು ಮನೆಗಳನ್ನು ಹಾಳು ಮಾಡಿದ್ದೂ ಕಂಡಿದ್ದೇವೆ. 2007ರಲ್ಲಿ ರಾಜ್ಯ ಸರ್ಕಾರ ಲಾಟರಿ ನಿಲ್ಲಿಸಿತು. ಆದರೆ ಆಗಿನ ಜೂಜಿಗೆ ಒಂದು ಜಾಗ ಇತ್ತು, ಒಂದು ಹೊತ್ತು ಇತ್ತು. ಜೇಬಿನ ದುಡ್ಡು ಮುಗಿದರೆ ಎದ್ದು ಬರಲೇಬೇಕಿತ್ತು. ಹೆಂಡತಿ ಹೋಗಿ ನಾಲ್ಕು ಜನರ ಮುಂದೆ ಬೈದು ಕರಕೊಂಡು ಬರಬಹುದಿತ್ತು. ಫೋನಿನ ಜೂಜಿಗೆ ಹೊತ್ತಿಲ್ಲ, ಗೊತ್ತಿಲ್ಲ. ಕೊಟ್ಟಿಗೆಯಲ್ಲಿ ಹಾಲು ಕರೆಯೋ ಹುಡುಗ ಆಡ್ತಾ ಇದ್ದರೂ ಅಪ್ಪನಿಗೆ ತಿಳಿಯೋಲ್ಲ. ದುಡ್ಡು ಮುಗಿದರೆ ಅದೇ ಫೋನೇ ಸಾಲ ಕೊಡುತ್ತೆ.

ರಮ್ಮಿಯನ್ನೇ ತಗೊಳ್ಳಿ. ಅದು ಮುಖ್ಯವಾಗಿ ಕೌಶಲದ ಆಟ ಅಂತ ಸುಪ್ರೀಂ ಕೋರ್ಟು 1967ರಲ್ಲಿ ಒಂದು ಕೇಸಿನಲ್ಲಿ ಹೇಳಿತ್ತು. ಅದು ನಾಲ್ಕು ಜನ ಸುತ್ತ ಕೂತು ಆಡುವ ರಮ್ಮಿಯ ಮಾತು. ಫೋನಿನ ಕಂಪನಿಗಳು ಅದೇ ತೀರ್ಪನ್ನು ಹಿಡಕೊಂಡು ನಮ್ಮದೂ ಕೌಶಲದ ಆಟ ಅಂದವು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇವನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ಭಾಗವನ್ನು ರದ್ದು ಮಾಡಿತು. 2023ರ ಅಕ್ಟೋಬರಿನಿಂದ ಕೇಂದ್ರ ಸರ್ಕಾರ ಆಟಕ್ಕೆ ಕಟ್ಟಿದ ದುಡ್ಡಿನ ಮೇಲೆ ನೂರಕ್ಕೆ 28 ತೆರಿಗೆ ಹಾಕಿ ತನ್ನ ಪಾಲನ್ನೂ ಎಣಿಸಿಕೊಂಡಿತು.

ಕೌಶಲವೋ ಅದೃಷ್ಟವೋ, ಆ ವಾದ ವಕೀಲರಿಗೆ ಬಿಡೋಣ. ನಾವು ಲೆಕ್ಕ ನೋಡೋಣ. ಪ್ರತಿ ಆಟದಲ್ಲೂ ಕಂಪನಿ ತನ್ನ ಕಮಿಷನ್ ಮೊದಲೇ ಹಿಡಕೊಳ್ಳುತ್ತೆ. ಉದಾಹರಣೆಗೆ ನೂರಕ್ಕೆ ಹತ್ತು ರೂಪಾಯಿ ಅಂತ ಇಟ್ಟುಕೊಳ್ಳಿ. ಅಣ್ಣ ತಮ್ಮ ಇಬ್ಬರೇ ಆಡೋದಕ್ಕೆ ಕೂತರು, ಇಬ್ಬರದೂ ಸೇರಿ 200 ರೂಪಾಯಿ. ಒಂದು ಸಲ ಅಣ್ಣ ಗೆದ್ದ, ಒಂದು ಸಲ ತಮ್ಮ ಗೆದ್ದ. ಇದ್ದಷ್ಟನ್ನೂ ಕಟ್ಟಿ ಹತ್ತು ಸುತ್ತು ಆಡೋ ಹೊತ್ತಿಗೆ ಇಬ್ಬರ ಕೈಯಲ್ಲೂ ಸೇರಿ ಉಳಿಯೋದು 70 ರೂಪಾಯಿ. ಅಣ್ಣನೂ ಗೆಲ್ಲಲಿಲ್ಲ, ತಮ್ಮನೂ ಗೆಲ್ಲಲಿಲ್ಲ. ಎಂಥ ಬುದ್ಧಿವಂತನೇ ಆಗಲಿ, ಈ ಲೆಕ್ಕವನ್ನು ಕೌಶಲದಿಂದ ತಪ್ಪಿಸೋದಕ್ಕೆ ಆಗೋಲ್ಲ. ದಲ್ಲಾಳಿ ನೂರಕ್ಕೆ ಎರಡು ಹಿಡಿದರೆ ಕೂಗಾಡುವ ನಾವು, ಇದನ್ನು ಮಗನ ಆಟ ಅಂತ ಸುಮ್ಮನಿದ್ದೆವು.

2025ರ ಆಗಸ್ಟ್‌ನಲ್ಲಿ ಪಾರ್ಲಿಮೆಂಟು ಹೊಸ ಕಾಯ್ದೆ ಮಾಡಿತು, 22ನೇ ತಾರೀಕು ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲವಾಗಲಿ ಅದೃಷ್ಟವಾಗಲಿ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ನಡೆಸುವ ಹಾಗಿಲ್ಲ. ನಡೆಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಹೀರಾತು ಮಾಡಿದವರಿಗೂ ಶಿಕ್ಷೆ ಇದೆ. ವರ್ಷಕ್ಕೆ ಸುಮಾರು 20,000 ಕೋಟಿ ರೂಪಾಯಿ ಜನ ಕಳಕೊಳ್ತಾ ಇದ್ದಾರೆ ಅಂತ ಸರ್ಕಾರವೇ ಅಂದಾಜು ಹೇಳಿತು. ದೊಡ್ಡ ಕಂಪನಿಗಳು ಆ ತಿಂಗಳೇ ದುಡ್ಡಿನ ಆಟ ನಿಲ್ಲಿಸಿದವು, ಕೆಲವರು ಕಾಯ್ದೆಯ ವಿರುದ್ಧ ಕೋರ್ಟಿಗೂ ಹೋದರು. ಆದರೆ ಹೊರದೇಶದಲ್ಲಿ ಕೂತು ಜೂಜು ನಡೆಸುವವರ ಕೊಂಡಿಗಳು ಟೆಲಿಗ್ರಾಂ, ವಾಟ್ಸಾಪ್ ಮೂಲಕ ಊರಿಗೆ ಬರುತ್ತವೆ. ಒಂದನ್ನು ಮುಚ್ಚಿಸಿದರೆ ಹೆಸರು ಬದಲಾಯಿಸಿ ಇನ್ನೊಂದು ಬರುತ್ತೆ. ತಂದೆ ತಾಯಂದಿರು ಒಂದು ತಿಳಕೊಳ್ಳಬೇಕು. ಈ ಕಾಯ್ದೆಯಲ್ಲಿ ಶಿಕ್ಷೆ ಇರೋದು ಆಟ ನಡೆಸುವವನಿಗೆ, ಆಡಿ ಸೋತವನಿಗಲ್ಲ. ಮಗನ ಮೇಲೆ ಕೇಸಾಗುತ್ತೆ ಅಂತ ಹೆದರಿ ಮುಚ್ಚಿಡಬೇಡಿ. ಎಷ್ಟೋ ಮನೆಗಳಲ್ಲಿ ಹುಡುಗನ ಜೀವಕ್ಕೆ ಎರವಾಗೋದು ಸೋತ ದುಡ್ಡಲ್ಲ, ಮುಚ್ಚಿಟ್ಟ ಸಾಲ.

ಇನ್ನು ಷೇರು ಪೇಟೆ. ಇಲ್ಲಿ ಎರಡು ಬೇರೆ ಬೇರೆ ವ್ಯವಹಾರ ಇವೆ, ಒಂದೇ ಫೋನಿನಲ್ಲಿ ಪಕ್ಕಪಕ್ಕ ಕೂತಿವೆ. ಒಂದು, ಕಂಪನಿಯ ಷೇರು ಕೊಂಡು ವರ್ಷಗಟ್ಟಲೆ ಇಟ್ಟುಕೊಳ್ಳೋದು. ಅದರಲ್ಲೂ ಏರಿಳಿತ ಇದೆ, ಆದರೆ ಅದು ತೆಂಗಿನ ಸಸಿ ನೆಟ್ಟ ಹಾಗೆ. ಅದನ್ನು ನಾನು ಬೇಡ ಅನ್ನೋಲ್ಲ. ಇನ್ನೊಂದು ಆಪ್ಷನ್ ಅನ್ನುವ ವ್ಯವಹಾರ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಅದು ಬರೀ ಸಂಚಕಾರದ ವ್ಯಾಪಾರ. ಜಮೀನು ಕೊಳ್ಳುವಾಗ ಸಂಚಕಾರ ಕೊಡ್ತೀವಿ, ಗಡುವಿನೊಳಗೆ ಕ್ರಯ ಆಗದಿದ್ದರೆ ಸಂಚಕಾರ ಮುಳುಗಿತು. ಅಲ್ಲಿ ಜಮೀನಾದರೂ ಇರುತ್ತೆ. ಇಲ್ಲಿ ಜಮೀನೂ ಇಲ್ಲ, ಕ್ರಯವೂ ಇಲ್ಲ, ಸಂಚಕಾರ ಒಂದೇ. ಗಡುವೋ, ಬಹಳ ಸಲ ಅದೇ ವಾರ. ಸೂಚ್ಯಂಕ ತಾನು ಅಂದುಕೊಂಡ ಕಡೆ ಹೋಗಲಿಲ್ಲವೋ, ಕೊಟ್ಟದ್ದು ಪೂರ್ತಿ ಸೊನ್ನೆ.

ಇದು ನನ್ನ ಸಿಟ್ಟಿನ ಮಾತಲ್ಲ. ಷೇರು ಪೇಟೆಯ ಮೇಲೆ ನಿಗಾ ಇಡುವ ಸೆಬಿ ಸಂಸ್ಥೆಯೇ 2024ರ ಸೆಪ್ಟೆಂಬರಿನಲ್ಲಿ ಅಧ್ಯಯನ ಪ್ರಕಟಿಸಿತು. 2021-22ರಿಂದ 2023-24ರವರೆಗೆ ಮೂರು ವರ್ಷದಲ್ಲಿ ಈ ವ್ಯವಹಾರ ಮಾಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಸೋತಿದ್ದಾರೆ. ಒಟ್ಟು ನಷ್ಟ 1.8 ಲಕ್ಷ ಕೋಟಿಗೂ ಮೇಲೆ. ತಲೆಗೆ ಸರಾಸರಿ 2 ಲಕ್ಷ. ಹೀಗೆ ಆಡಿದವರಲ್ಲಿ ನೂರಕ್ಕೆ 72 ಮಂದಿ ದೊಡ್ಡ 30 ಊರುಗಳ ಆಚೆಯವರು, ಅಂದರೆ ನಮ್ಮಂಥ ಕಡೆಯವರು. 30 ವರ್ಷದೊಳಗಿನವರ ಪಾಲು ಒಂದೇ ವರ್ಷದಲ್ಲಿ ನೂರಕ್ಕೆ 31ರಿಂದ 43ಕ್ಕೆ ಏರಿತು. ಆಮೇಲೆ ಸೆಬಿ ಕೆಲವು ಬಿಗಿ ನಿಯಮ ತಂದಿತು. ಆದರೂ 2024-25ರಲ್ಲಿ ನೂರಕ್ಕೆ 91 ಮಂದಿ ಸೋತರು.

ಆ ತಲಾ 2 ಲಕ್ಷವನ್ನು ರಾಗಿಯಲ್ಲಿ ಅಳೆದು ನೋಡಿ. 2025-26ರ ರಾಗಿ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಅಂದರೆ ಸುಮಾರು 41 ಕ್ವಿಂಟಾಲ್ ರಾಗಿ. ಮಳೆ ನಂಬಿದ ಹೊಲದಲ್ಲಿ ಅಷ್ಟು ರಾಗಿ ಬೆಳೆಯೋದಕ್ಕೆ ಎಷ್ಟು ಎಕರೆ ಬೇಕು, ಎಷ್ಟು ಕಳೆ ಕೀಳಬೇಕು, ಖರೀದಿ ಕೇಂದ್ರದ ಮುಂದೆ ಎಷ್ಟು ದಿನ ಗಾಡಿ ನಿಲ್ಲಿಸಬೇಕು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಬೆಂಬಲ ಬೆಲೆ ನೂರು ರೂಪಾಯಿ ಏರಿಸಿ ಅಂತ ನಾವು ರಸ್ತೆಯಲ್ಲಿ ಕೂರ್ತೀವಿ. ಮನೆ ಒಳಗೆ 41 ಕ್ವಿಂಟಾಲ್ ಶಬ್ದವಿಲ್ಲದೆ ಹೋಗುತ್ತೆ.

ಹಾಗಾದರೆ ಗೆದ್ದವರು ಯಾರು? ಅದೂ ಅದೇ ಅಧ್ಯಯನದಲ್ಲಿದೆ. 2023-24ರಲ್ಲಿ ತಮ್ಮ ಸ್ವಂತ ಬಂಡವಾಳದಲ್ಲಿ ವ್ಯಾಪಾರ ಮಾಡುವ ದಲ್ಲಾಳಿ ಸಂಸ್ಥೆಗಳಿಗೆ 33,000 ಕೋಟಿ, ವಿದೇಶಿ ಹೂಡಿಕೆದಾರರಿಗೆ 28,000 ಕೋಟಿ ಲಾಭ, ಖರ್ಚು ಕಳೆಯುವ ಮೊದಲು. ಆ ಲಾಭದಲ್ಲಿ ನೂರಕ್ಕೆ 96, 97 ಪಾಲು ಬಂದದ್ದು ಮನುಷ್ಯರು ಮಾಡಿದ ವ್ಯಾಪಾರದಿಂದಲ್ಲ, ಕಂಪ್ಯೂಟರು ತಾನೇ ನಿರ್ಧರಿಸಿ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುವ ವ್ಯಾಪಾರದಿಂದ. ನಿಮ್ಮ ಮಗ ಬದುವಿನ ಮೇಲೆ ಕೂತು, ನೆಟ್‌ವರ್ಕ್ ಹುಡುಕಿಕೊಂಡು, ಯಾರೋ ಯೂಟ್ಯೂಬಿನಲ್ಲಿ ಹೇಳಿದ್ದನ್ನು ಕೇಳಿ ಗುಂಡಿ ಒತ್ತುತ್ತಾನೆ. ಅವನ ಎದುರಿಗೆ ಕೂತಿರೋದು ಈ ಯಂತ್ರ. ಇದು ಕುಸ್ತಿಯಲ್ಲ ಸ್ವಾಮಿ, ರೈಲಿಗೆ ಎದುರಾಗಿ ಎತ್ತಿನ ಗಾಡಿ ಓಡಿಸೋದು.

ಇವೆರಡಕ್ಕೂ ಸೇರಿಕೊಂಡಿರೋದು ಆ್ಯಪ್ ಸಾಲ. ಪಟ್ಟಣದಲ್ಲಿ ಮೀಟರ್ ಬಡ್ಡಿ ಅಂತ ಕೇಳಿದ್ದೀರಿ, ಇದು ಫೋನಿಗೆ ಬಂದ ಮೀಟರ್ ಬಡ್ಡಿ. ಕೆಟ್ಟ ಆ್ಯಪುಗಳ ರೀತಿ ಎಲ್ಲ ಒಂದೇ. ಸಾಲ ಕೊಡುವಾಗಲೇ ಖರ್ಚು ಅಂತ ಒಂದು ಭಾಗ ಮುರಿದುಕೊಳ್ಳೋದು, ವಾರ ಹತ್ತು ದಿನದ ಗಡುವು, ಫೋನಿನಲ್ಲಿದ್ದ ನಂಬರುಗಳನ್ನೆಲ್ಲ ಬಾಚಿಕೊಳ್ಳೋದು, ಗಡುವು ಮೀರಿದರೆ ಬೀಗರಿಗೆ, ಮೇಷ್ಟ್ರಿಗೆ, ಅಕ್ಕಪಕ್ಕದವರಿಗೆ ಫೋನ್ ಮಾಡಿ ಮಾನ ಕಳೆಯೋದು. ಫೋಟೋ ತಿರುಚಿ ಅಸಹ್ಯ ಮಾಡಿ ಕಳಿಸಿದ್ದೂ ಉಂಟು. ಹಳೇ ಸಾಹುಕಾರ ಮನೆ ಮುಂದೆ ಕೂತು ಕೂಗಾಡುತ್ತಿದ್ದ. ಇವನು ಮುಖ ತೋರಿಸದೆ ನೂರು ಮನೆ ಮುಂದೆ ಕೂಗಾಡ್ತಾನೆ.

ಇದಕ್ಕೂ ನಿಯಮ ಇದೆ. ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲೇ ಹೇಳಿದೆ: ಸಾಲದ ಆ್ಯಪು ನಿಮ್ಮ ಫೋನಿನ ನಂಬರುಗಳ ಪಟ್ಟಿ, ಕರೆಗಳ ಲೆಕ್ಕ, ಫೋಟೋಗಳ ಕಡೆ ಕೈ ಹಾಕಬಾರದು. ದುಡ್ಡು ಬ್ಯಾಂಕು ಅಥವಾ ನೋಂದಾಯಿತ ಸಂಸ್ಥೆಯಿಂದ ನೇರ ನಿಮ್ಮ ಖಾತೆಗೆ ಬರಬೇಕು. ಒಟ್ಟು ಖರ್ಚು ಎಷ್ಟು ಅಂತ ಮೊದಲೇ ಬರೆದು ಕೊಡಬೇಕು. ನಂಬರುಗಳ ಪಟ್ಟಿ ಕೇಳುವ ಆ್ಯಪು ಕೇಳಿದ ಕ್ಷಣದಲ್ಲೇ ತಾನು ಕಳ್ಳ ಅಂತ ಒಪ್ಪಿಕೊಂಡ ಹಾಗೆ. ನಮ್ಮ ರಾಜ್ಯದಲ್ಲೂ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದು ಆಮೇಲೆ ಕಾಯ್ದೆ ಮಾಡಿದರು. ಸಾಲ ವಸೂಲಿಗೆ ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಪರವಾನಗಿ, ನೋಂದಣಿ ಇಲ್ಲದವರು ರೈತರಂಥ ದುರ್ಬಲರಿಗೆ ಕೊಟ್ಟ ಸಾಲ ಮನ್ನಾ ಅಂತಲೂ ಅದರಲ್ಲಿದೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಆದವರಿಗೆ ಇದು ಅನ್ವಯಿಸೋಲ್ಲ, ಅದು ನೆನಪಿರಲಿ. ಮನೆಯಲ್ಲಿ ಸೊನ್ನೆ ಬಡ್ಡಿಗೆ ಸೊಸೈಟಿಯಿಂದ ತಂದ ಬೆಳೆಸಾಲ ಎಲ್ಲಿ ಹೋಯಿತು, ಹೆಂಡತಿಯ ಸರ ಯಾವ ಗಿರವಿ ಅಂಗಡಿಯಲ್ಲಿದೆ ಅಂತ ಬಾಯಿಬಿಟ್ಟು ಕೇಳುವ ಕಾಲ ಇದು. ಕೇಳಿದರೆ ಜಗಳ ಆಗಬಹುದು. ಆಗಲಿ.

ಈಗ ಗುಟ್ಟಿನ ಮಾತಿಗೆ ಬರ್ತೀನಿ. ಖಾಸಗಿತನ ಅಂದರೆ ನಮ್ಮವರು ನಗ್ತಾರೆ. ಹಳ್ಳಿಯಲ್ಲಿ ಯಾರ ಮನೆ ಒಲೆ ಮೇಲೆ ಏನು ಬೇಯುತ್ತೆ ಅಂತ ಎಲ್ಲರಿಗೂ ಗೊತ್ತು, ಇನ್ನೆಲ್ಲಿ ಗುಟ್ಟು? ನಿಜ. ಆದರೆ ನಿಮ್ಮ ಸಾಲ ಗೊತ್ತಿರುವ ನೆರೆಯವನ ಸಾಲ ನಿಮಗೂ ಗೊತ್ತು. ಅವನು ಸತ್ತರೆ ನೀವು ಹೆಗಲು ಕೊಡ್ತೀರಿ, ನೀವು ಸತ್ತರೆ ಅವನು. ಫೋನಿನ ಆ ಕಡೆ ಕೂತವನಿಗೆ ನಿಮ್ಮದೆಲ್ಲ ಗೊತ್ತು, ನಿಮಗೆ ಅವನ ಹೆಸರೂ ಗೊತ್ತಿಲ್ಲ.

ಜಮೀನು ಇರುವವರು ಇದನ್ನು ಕಿವಿಗೊಟ್ಟು ಕೇಳಬೇಕು. 2023ರಲ್ಲಿ ಬೆಂಗಳೂರಿನಲ್ಲಿ ಹಲವರ ಬ್ಯಾಂಕ್ ಖಾತೆಯಿಂದ, ಅವರು ಯಾರಿಗೂ ಓಟಿಪಿ ಹೇಳದಿದ್ದರೂ, ದುಡ್ಡು ಹೋಯಿತು. ಆಧಾರ್ ನಂಬರು, ಬೆರಳಚ್ಚು ಎರಡಿದ್ದರೆ ದುಡ್ಡು ತೆಗೆಯುವ ವ್ಯವಸ್ಥೆ ಇದೆಯಲ್ಲ, ಅದರ ಮೂಲಕ. ಬೆರಳಚ್ಚು ಸಿಕ್ಕಿದ್ದು ಎಲ್ಲಿಂದ? ಆಸ್ತಿ ನೋಂದಣಿ ಪತ್ರಗಳಿಂದ. ಕ್ರಯಪತ್ರಕ್ಕೆ ಹಾಕಿದ ಹೆಬ್ಬೆಟ್ಟು ಕಂಪ್ಯೂಟರಿನಲ್ಲಿ ಕಾಣುತ್ತಿತ್ತು, ಕಳ್ಳರು ಅದರ ಅಚ್ಚು ತೆಗೆದರು. ಆಮೇಲೆ ಬೆರಳಚ್ಚು ಕಾಣದ ಹಾಗೆ ಮರೆಮಾಡುವ ಕ್ರಮ ಕೈಗೊಂಡರು. ಯೋಚನೆ ಮಾಡಿ. ಹೆಬ್ಬೆಟ್ಟು ಒತ್ತಿಸಿಕೊಂಡು ಜಮೀನು ಬರೆಸಿಕೊಂಡ ಕಥೆಗಳನ್ನು ನಮ್ಮ ಅಜ್ಜಂದಿರು ಹೇಳುತ್ತಿದ್ದರು. ಓದಿ ಬರೆದು ಸಹಿ ಕಲಿತೆವು. ಮತ್ತೆ ಹೆಬ್ಬೆಟ್ಟಿಗೇ ಬಂದು ನಿಂತಿದ್ದೇವೆ.

ಖಾಸಗಿತನ ಪ್ರತಿಯೊಬ್ಬನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ಹೇಳಿದರು. ಆ ಕೇಸು ಹಾಕಿದ್ದವರು ನಮ್ಮವರೇ, ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ, 86ನೇ ವಯಸ್ಸಿನಲ್ಲಿ ಅರ್ಜಿ ಹಾಕಿದರು. 2024ರಲ್ಲಿ ತೀರಿಕೊಂಡರು. 2023ರಲ್ಲಿ ಮಾಹಿತಿ ರಕ್ಷಣೆಗೆ ಕಾಯ್ದೆಯೂ ಆಯಿತು, 2025ರ ನವೆಂಬರಿನಲ್ಲಿ ನಿಯಮಗಳು ಹೊರಬಂದವು, ಮುಖ್ಯ ಭಾಗ ಜಾರಿಗೆ ಒಂದೂವರೆ ವರ್ಷದ ಕಾಲ ಕೊಟ್ಟರು. ಒಪ್ಪಿಗೆ ಕೇಳುವಾಗ ಯಾಕೆ ಕೇಳ್ತೀರಿ ಅಂತ ಕನ್ನಡದಲ್ಲೇ ತಿಳಿಸಿ ಅನ್ನೋ ಹಕ್ಕು ಅದರಲ್ಲಿದೆ. ಆದರೆ ಮಾಹಿತಿ ಸೋರಿದರೆ ಹಾಕುವ ದಂಡ ಹೋಗೋದು ಸರ್ಕಾರದ ಖಜಾನೆಗೆ, ಕಳಕೊಂಡವನಿಗಲ್ಲ. ಬೆಳೆ ಹಾಳು ಮಾಡಿದ ದನಕ್ಕೆ ದೊಡ್ಡಿಯಲ್ಲಿ ದಂಡ ಕಟ್ಟಿಸಿಕೊಂಡರೆ ಹೊಲದವನಿಗೆ ಏನು ಬಂತು?

ಇಷ್ಟು ಹೇಳಿದ್ದು ಒಬ್ಬೊಬ್ಬರ ಗುಟ್ಟಿನ ಮಾತು. ಎಲ್ಲರದೂ ಸೇರಿದ ಒಂದು ದೊಡ್ಡ ಗುಟ್ಟಿದೆ, ಅದು ಬೆಲೆಗೆ ಸಂಬಂಧಪಟ್ಟದ್ದು. ಭೂಮಿ ಯೋಜನೆಯಲ್ಲಿ 2000ದ ಸುಮಾರಿಗೆ ಎರಡು ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಹೋದವು. ಗ್ರಾಮಲೆಕ್ಕಿಗರ ಹಿಂದೆ ಅಲೆಯೋದು ತಪ್ಪಿತು, ಒಳ್ಳೆಯದೇ ಆಯಿತು. ಆಮೇಲೆ ಫ್ರೂಟ್ಸ್ ನೋಂದಣಿ ಬಂತು, ಹೊಲಕ್ಕೆ ಹೋಗಿ ಫೋಟೋ ತೆಗೆಯುವ ಬೆಳೆ ಸಮೀಕ್ಷೆ ಬಂತು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ 2,817 ಕೋಟಿಯ ಡಿಜಿಟಲ್ ಕೃಷಿ ಯೋಜನೆ ಒಪ್ಪಿ, 11 ಕೋಟಿ ರೈತರಿಗೆ ಒಂದೊಂದು ಗುರುತಿನ ಸಂಖ್ಯೆ ಕೊಡ್ತೀವಿ ಅಂದಿತು. ಅದಕ್ಕೂ ಮೊದಲು, 2021ರಲ್ಲಿ, ಆರು ರಾಜ್ಯಗಳ ನೂರು ಹಳ್ಳಿಗಳ ಪ್ರಯೋಗಕ್ಕೆ ಮೈಕ್ರೋಸಾಫ್ಟ್ ಕಂಪನಿ ಜೊತೆ ಒಪ್ಪಂದವೂ ಆಗಿತ್ತು.

ನನ್ನ ಪ್ರಶ್ನೆ ಒಂದೇ. ಯಾವ ಊರಲ್ಲಿ ಎಷ್ಟು ಎಕರೆ ಈರುಳ್ಳಿ, ಎಷ್ಟು ಎಕರೆ ಮೆಕ್ಕೆಜೋಳ, ಯಾವ ವಾರ ಕೊಯ್ಲಿಗೆ ಬರುತ್ತೆ ಅನ್ನೋದು ಮೊದಲು ಯಾರಿಗೆ ತಿಳಿಯುತ್ತೆ? ವ್ಯಾಪಾರಿಗೆ ಮೊದಲು ತಿಳಿದರೆ ಬೆಲೆ ಅವನ ಕೈಯಲ್ಲಿ. ಬಿತ್ತುವ ಮೊದಲೇ ರೈತನಿಗೆ ತಿಳಿದರೆ, ಅಕ್ಕಪಕ್ಕದ ತಾಲ್ಲೂಕಿನವರೆಲ್ಲ ಈರುಳ್ಳಿಗೇ ಬಿದ್ದಿದ್ದಾರೆ, ನಾನು ಅರ್ಧ ಎಕರೆ ಕಡಿಮೆ ಮಾಡ್ತೀನಿ ಅನ್ನಬಹುದು. ಫೋಟೋ ನಮ್ಮ ಹೊಲದ್ದು, ಸರ್ವೆ ನಂಬರು ನಮ್ಮದು. ಆದ್ದರಿಂದ ಬೆಳೆ ಸಮೀಕ್ಷೆಯ ಒಟ್ಟು ಲೆಕ್ಕವನ್ನು ಹೋಬಳಿವಾರು ಹದಿನೈದು ದಿನಕ್ಕೊಮ್ಮೆ ಗ್ರಾಮ ಪಂಚಾಯಿತಿ ಬೋರ್ಡಿನಲ್ಲಿ, ಮಾರುಕಟ್ಟೆ ಸಮಿತಿ ಗೋಡೆಯ ಮೇಲೆ ಹಾಕಬೇಕು. ಹೆಸರು, ಸಾಲ, ಖಾತೆ ನಂಬರು ಯಾರಿಗೂ ಕೊಡಬಾರದು. ಯಾವ ಕಂಪನಿಗೂ ರೈತನಿಗಿಂತ ಒಂದು ದಿನ ಮೊದಲು ಲೆಕ್ಕ ಸಿಗಬಾರದು. ಗ್ರಾಮಸಭೆಯಲ್ಲಿ ಇದನ್ನು ಠರಾವು ಮಾಡಿಸಿ ಕಳಿಸಬೇಕು ಅಂತ ನಾನು ಕೇಳಿಕೊಳ್ತೀನಿ. ನೂರು ಪಂಚಾಯಿತಿ ಠರಾವು ಹೋದರೆ ಕಡತದಲ್ಲಿ ಮುಚ್ಚಿಡೋದು ಕಷ್ಟ.

ಕೆಲಸದ ಬಗ್ಗೆ ಎರಡೇ ಮಾತು. ಕೊಯ್ಲಿನ ಯಂತ್ರ ಬಂದು ಗದ್ದೆ ಕೆಲಸ ಗಂಟೆ ಲೆಕ್ಕಕ್ಕೆ ಇಳಿಯಿತು, ಔಷಧಿ ಹೊಡೆಯೋದಕ್ಕೆ ಡ್ರೋನ್ ಬರ್ತಾ ಇದೆ. ಆಳು ಸಿಗೋಲ್ಲ ಅಂತ ನಾವೇ ಕರೆಸ್ತೀವಿ. ಹೊಲ ಬಿಟ್ಟು ಬೆಂಗಳೂರಿಗೆ ಹೋದ ನಮ್ಮ ಹುಡುಗರಲ್ಲಿ ಎಷ್ಟೋ ಜನ ಬೈಕಿನ ಮೇಲೆ ಊಟ, ಸಾಮಾನು ಹಂಚ್ತಾ ಇದ್ದಾರೆ. ಅವರಿಗೆ ಮೇಸ್ತ್ರಿ ಇಲ್ಲ, ಆ್ಯಪೇ ಮೇಸ್ತ್ರಿ. ಒಂದು ಸುತ್ತಿಗೆ ಎಷ್ಟು ರೂಪಾಯಿ ಅಂತ ಅದೇ ಹೇಳುತ್ತೆ, ಇಷ್ಟವಿಲ್ಲದ ದಿನ ಕೆಲಸವನ್ನೇ ಬಂದ್ ಮಾಡುತ್ತೆ. ಅಪ್ಪನ ಟೊಮೆಟೊಗೆ ಮಂಡಿಯಲ್ಲಿ ಬೇರೆಯವನು ಬೆಲೆ ಕಟ್ಟಿದ, ಮಗನ ಬೆವರಿಗೆ ಯಂತ್ರ ಬೆಲೆ ಕಟ್ಟುತ್ತೆ. 2025ರಲ್ಲಿ ಕರ್ನಾಟಕ ಅವರಿಗಾಗಿ ಕಾಯ್ದೆ ಮಾಡಿದೆ. ಪ್ರತಿ ವ್ಯವಹಾರದಲ್ಲಿ ನೂರಕ್ಕೆ 1ರಿಂದ 5ರವರೆಗೆ ಕಲ್ಯಾಣ ನಿಧಿಗೆ ಕಂಪನಿ ಕಟ್ಟಬೇಕು, ಕೆಲಸದಿಂದ ತೆಗೆಯುವ ಮೊದಲು 14 ದಿನದ ನೋಟಿಸು ಕೊಡಬೇಕು, ಯಂತ್ರ ಹೇಗೆ ನಿರ್ಧಾರ ಮಾಡುತ್ತೆ ಅಂತ ತಿಳಿಸಬೇಕು. ಹಬ್ಬಕ್ಕೆ ಊರಿಗೆ ಬಂದ ಹುಡುಗರನ್ನು ಹೆಸರು ನೋಂದಾಯಿಸಿದ್ದೀಯೇನಪ್ಪ ಅಂತ ಕೇಳಿ.

ಕೊನೆಗೆ ಕೈಯಲ್ಲಿ ಆಗುವ ಕೆಲಸ. ಆಧಾರ್ ಬೆರಳಚ್ಚಿಗೆ ಬೀಗ ಹಾಕುವ ಸೌಕರ್ಯ ಇದೆ. ಆಧಾರ್ ಸಂಸ್ಥೆಯ ಸ್ವಂತ ಆ್ಯಪಿನಲ್ಲಿ ಅಥವಾ ಜಾಲತಾಣದಲ್ಲಿ ಪುಕ್ಕಟೆ ಮಾಡಬಹುದು, ಆಧಾರಿಗೆ ಸೇರಿಸಿದ ಫೋನ್ ನಂಬರು ಚಾಲ್ತಿಯಲ್ಲಿರಬೇಕು. ಬೀಗ ಹಾಕಿದರೆ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆಟ್ಟು ಹಿಡಿಯೋಲ್ಲ, ಪಡಿತರ ತರುವ ದಿನ ಸ್ವಲ್ಪ ಹೊತ್ತು ತೆರೆದು ಮತ್ತೆ ಹಾಕಬೇಕು. ವಯಸ್ಸಾದವರಿಗೆ ಇದನ್ನು ಮನೆಯ ಮಕ್ಕಳು ಮಾಡಿಕೊಡಲಿ. ದುಡ್ಡು ಮೋಸ ಹೋದರೆ ನಾಚಿಕೆ ಪಡುತ್ತಾ ಮೂರು ದಿನ ಕೂರಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ, ದುಡ್ಡು ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಯೋದಕ್ಕೆ ಅದೊಂದು ದಾರಿ. ರಸ್ತೆಗೋ, ಕೈಗಾರಿಕೆಗೋ ಜಮೀನು ಹೋಗಿ ಪರಿಹಾರದ ದುಡ್ಡು ಬಂದಿರುವ ಮನೆಯವರಿಗೆ ಇದನ್ನು ಎರಡು ಸಲ ಹೇಳಿ. ದುಡ್ಡು ದುಪ್ಪಟ್ಟು ಮಾಡಿಕೊಡ್ತೀವಿ ಅನ್ನುವ ವಾಟ್ಸಾಪ್ ಗುಂಪಿನವರು ಮೊದಲು ಬರೋದು ಅವರ ಬಾಗಿಲಿಗೆ.

ಗ್ರಾಮಸಭೆಗೆ ಕೊಡಬೇಕಾದ ಠರಾವಿನ ಕರಡನ್ನು ಬರೆದು ತಂದಿದ್ದೀನಿ. ಮುಂದಿನ ಸಾಲಿನಲ್ಲಿ ಕೂತ ಹುಡುಗರ ಹತ್ತಿರ ಪ್ರತಿಗಳಿವೆ, ಊರಿಗೆ ಒಂದರಂತೆ ಇಸಕೊಳ್ಳಿ.